ಧಿಕ್ಕಾರ ಮಾವನ ಗಿರಾಕಿಗಳು

ಗಿರಣಿ ಮಾಲೀಕನಿಂದ ಬರಬೇಕಾದ ಕೂಲಿ ಇನ್ನೂ ಬಾಕಿಯಿರುವ, ಗಿರಣಿ ಬಾಗಿಲಲ್ಲಿ ಧಿಕ್ಕಾರ ಕೂಗಿ ಕೂಗಿ ಆ ಹೆಸರೇ ಬಿದ್ದ ಧಿಕ್ಕಾರ ಮಾವ, ಭಾನುವಾರ ಅಕ್ಕನ ಮಕ್ಕಳನ್ನು ಕೂರಿಸಿಕೊಂಡು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ, ಮುಂದಿನ ಕಾಲದ ಯಂತ್ರನಗರಿಯ ಕಬ್ಬಿಣದ ತೋಳಿನ ಗೂಂಡಾಗಳ ಸೈಬರ್‌ಪಂಕ್ ಕಥೆಯಾಟ ಆಡಿಸುತ್ತಾರೆ. ಅದರಲ್ಲಿ ಮುಖ ತೋರಿಸದೆ ಕಳ್ಳಕೆಲಸ ಒಪ್ಪಿಸುವ ಗಿರಾಕಿಗಳಿಗೆ ಹೆಣ್ಣೋ ಗಂಡೋ ತಿಳಿಯದ ಗುಪ್ತನಾಮ ಕಟ್ಟುವುದೇ ಅವರ ಹೆಮ್ಮೆ: ತುಕ್ಕು, ಸೊನ್ನೆ, ಅರ್ಧ ಚಹಾ. “ಸಮಾನತೆ ಅಂದ್ರೆ ಇದು ಕಣ್ರೋ” ಎಂದು ಭಾಷಣ ಬಿಗಿದು, ಒಮ್ಮೆ ಕೆಮ್ಮಿ, ಗಡಸು ದನಿಯಲ್ಲಿ ತಾವೇ ತುಕ್ಕು ಆಗುತ್ತಾರೆ. “ಮಾವ, ನಿಮ್ಮ ಗಿರಾಕಿಗಳೆಲ್ಲ ಗಂಡಸರ ಥರಾನೇ ಕೆಮ್ತಾರೆ. ಹಿಂಗಾದ್ರೆ ನಾನಿನ್ನು ಆಟಕ್ಕೆ ಬರಲ್ಲ” ಎಂದಳು ಮೊನ್ನೆ ಅಕ್ಕನ ಮಗಳು. ಮಾವ ಇನ್ನೊಮ್ಮೆ ಕೆಮ್ಮಿ ಕೇಳಿಸಿಕೊಂಡರು. ಅದು ಆ ಗಿರಣಿ ಮಾಲೀಕನ ಕೆಮ್ಮು. ಜೀವನವಿಡೀ ಅವನ ವಿರುದ್ಧ ಕೂಗಿದ ಗಂಟಲಿಗೆ ಕೆಲಸ ಕೊಡುವವರ ಬೇರೆ ದನಿಯೇ ಗೊತ್ತಿರಲಿಲ್ಲ. ನಗಬೇಡಿ, ತುಕ್ಕು ಎಂದು ಓದಿದಾಗ ನಿಮಗೆ ಕಂಡದ್ದು ಹೆಂಗಸೋ ಗಂಡಸೋ, ಮೊದಲು ಅದನ್ನು ಹೇಳಿ.