ನೀಲಾಂಬಿಕೆಯ ಹೊಟ್ಟೆಯುರಿಗೆ ಎರಡು ಮದ್ದು

ಮಹಾರಾಜರ ಆಳ್ವಿಕೆಯ ಕಾಲ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿ ರುದ್ರಸ್ವಾಮಿಯ ಹೆಂಡತಿ ನೀಲಾಂಬಿಕೆಗೆ ಬೆಳಗಿನ ಲಿಂಗಪೂಜೆ ಮುಗಿಸಿ ಒಲೆ ಮುಂದೆ ಕೂತರೆ ಸಾಕು, ಎದೆಗೂಡಿನ ಕೆಳಗೆ ಕೆಂಡ ಇಟ್ಟಂತಾಗುತ್ತಿತ್ತು. ಗಂಡಸರು, ಮಕ್ಕಳು, ಅಂಗಡಿಯ ಆಳುಗಳು, ಅತ್ತೆ, ಎಲ್ಲರ ಊಟವೂ ಆದ ಮೇಲೆ ತಾನು ನಾಲ್ಕು ತುತ್ತು ಉಂಡರೆ ನೋವು ತಣ್ಣಗಾಗುತ್ತಿತ್ತು. ಹಾಗಾಗಿ ಅದನ್ನು ಯಾರೂ ಕಾಯಿಲೆ ಎನ್ನಲಿಲ್ಲ. ಅವಳೂ ಎನ್ನಲಿಲ್ಲ.

ಒಂದು ದಿನ ಮುದ್ದೆ ತೊಳಸುತ್ತಲೇ ಹೊಟ್ಟೆ ಹಿಡಿದು ಕುಸಿದಳು. ರುದ್ರಸ್ವಾಮಿ ಆಸ್ಪತ್ರೆಗೆ ಓಡಿ ಬಿಳಿ ಪುಡಿ ತಂದ. ನೀರಿಗೆ ಕದಡಿ ಕುಡಿದರೆ ಉರಿ ತಟ್ಟನೆ ಇಳಿಯುವುದು, ಸ್ವಲ್ಪ ಹೊತ್ತಿಗೆ ಮತ್ತೆ ಏರುವುದು.

"ಸುಣ್ಣದ ನೀರು ಕುಡುಸ್ತಿದ್ದೀಯಲ್ಲೋ!" ಎಂದು ಅತ್ತೆ ಮಂಗಳಮ್ಮ ಮಗನನ್ನು ಗದರಿ, ತಾವೇ ಹುಣಸೂರಿನ ಪಂಡಿತರ ಬಳಿ ಹೋಗಿ ಅತಿಮಧುರದ ಚೂರ್ಣ ತಂದರು. ಬೂದುಗುಂಬಳದ ರಸದಲ್ಲಿ ಕಲಸಿ ಕೊಟ್ಟರು. ಅದರ ಗುಣ ನಿಧಾನ, ಆದರೆ ನಿದ್ದೆ ಬಂತು. ಯಾವುದು ವಾಸಿ ಎಂದು ತಾಯಿ ಮಗನಿಗೆ ದಿನಾ ವಾದ. ನೀಲಾಂಬಿಕೆ ಮಾತ್ರ, ಯಾರ ಮನಸ್ಸೂ ನೋಯದಿರಲೆಂದು, "ಎರಡೂ ಪರವಾಗಿಲ್ಲ" ಎನ್ನುತ್ತಿದ್ದಳು.

ಚಳಿಗಾಲದಲ್ಲಿ ನೋವು ಬಲವಾದಾಗ ಮಂಗಳಮ್ಮನೇ ಸೊಸೆಯನ್ನು ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ಕರುಳು ಶುರುವಾಗೋ ಕಡೆ ಹುಣ್ಣಾಗಿರಬೇಕು. ಹೊತ್ತುಹೊತ್ತಿಗೆ ಹಾಲು ಕುಡೀತಿದ್ದೀಯೇನಮ್ಮ?"

"ನಮ್ಮನೆಯವ್ರು ಪುಡಿ ಮಾತ್ರ ತಂದ್ರು, ಸ್ವಾಮಿ."

"ಹೊಟ್ಟೆ ಖಾಲಿ ಬಿಡಬೇಡಿ ಅಂತ ಅವರಿಗೆ ಹೇಳಿದ್ದೆನಲ್ಲ!"

ಮಂಗಳಮ್ಮ ಸೆರಗನ್ನು ಬಾಯಿಗೆ ಹಿಡಿದರು. ಪಂಡಿತರೂ ತಮಗೆ ಇದೇ ಮಾತು ಹೇಳಿದ್ದರು. ಚೂರ್ಣ ಮನೆ ಸೇರಿತ್ತು, ಮಾತು ಸೇರಿರಲಿಲ್ಲ.

"ಅಂಗಾರೆ ಯಾವ ಮದ್ದು ವಾಸಿ, ಸ್ವಾಮಿ?" ಎಂದು ಅತ್ತೆ ಕೇಳಿದರು.

"ನಮ್ಮ ಪುಡಿ ಬೇಗ ಉರಿ ಇಳಿಸುತ್ತೆ. ಪಂಡಿತರದ್ದು ನನಗೆ ಗೊತ್ತಿಲ್ಲ, ನಿದ್ದೆ ಬಂದಿದ್ದರೆ ಬೇಡ ಅನ್ನಲ್ಲ. ಹೊಟ್ಟೆ ಖಾಲಿ ಬಿಟ್ಟರೆ ಎರಡರ ಗುಣವೂ ನಿಲ್ಲೋದಿಲ್ಲ, ತಾಯಿ."

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ಎದ್ದ ನೀಲಾಂಬಿಕೆಯ ಮುಂದೆ ಅತ್ತೆ ಹಾಲಿನ ಲೋಟ ಹಿಡಿದರು.

"ಇನ್ನೂ ಯಾರದೂ ಆಗಿಲ್ವಲ್ಲ, ಅತ್ತೆ."

"ಅವ್ರು ಉಂಡೇ ಉಣ್ತಾರೆ ಬುಡು. ನೀನು ಕುಡಿ."

ನಾಚಿಕೆಯಿಂದ ಗೋಡೆ ಕಡೆ ತಿರುಗಿ ಕುಡಿದಳು. ಎಷ್ಟೋ ದಿನ ಹಾಗೆ ತಿರುಗಿಯೇ ಕುಡಿದಳು. ಪುಡಿ, ಚೂರ್ಣ ಎರಡನ್ನೂ ಬಿಡಲಿಲ್ಲ. ಯುಗಾದಿ ಹೊತ್ತಿಗೆ ಮುಖದಲ್ಲಿ ಕಳೆ ಬಂತು.

ಗೆದ್ದದ್ದು ಪುಡಿ ಎಂದು ರುದ್ರಸ್ವಾಮಿ, ಚೂರ್ಣ ಎಂದು ಮಂಗಳಮ್ಮ, ಕೊನೆಯವರೆಗೂ ಹೇಳಿಕೊಂಡೇ ಇದ್ದರು. ನೀಲಾಂಬಿಕೆ ಯಾರಿಗೂ ಎದುರಾಡಲಿಲ್ಲ. ಮುಂದೊಂದು ಚಳಿಗಾಲ ನೋವು ಮತ್ತೆ ಇಣುಕಿದಾಗ, ಪಡಸಾಲೆಯಲ್ಲಿ ಎಲೆ ಹಾಕಿ ಎಲ್ಲರೂ ಕಾಯುತ್ತಿದ್ದರೂ, ಅಡುಗೆಮನೆಯಲ್ಲಿ ನಿಂತೇ ಒಂದು ಬಾಳೆಹಣ್ಣು ಸುಲಿದು ನಿಧಾನವಾಗಿ ತಿಂದು, ಆಮೇಲೆ ಬಡಿಸಲು ಹೋದಳು.