ಹಿಮದಲ್ಲಿ ಗುಂಡಿ ತೋಡಿದ ರಂಗಸ್ವಾಮಿ

ರಂಗಸ್ವಾಮಿ ಎಲ್ಲಿ ನಿಂತರೂ ಮೊದಲು ಕಾಲ್ಬೆರಳಿನಿಂದ ನೆಲ ಕೆದಕುತ್ತಿದ್ದ. ತುಮಕೂರಿನ ಬಟವಾಡಿಯ ನಮ್ಮ ಮನೆ ಮುಂದೆ ನನ್ನ ಹೆಂಡತಿ ಹಾಕಿದ ರಂಗೋಲಿಯನ್ನೂ ಬಿಟ್ಟವನಲ್ಲ. ಗುಬ್ಬಿ ಕಡೆಯವನು. ಇಪ್ಪತ್ತು ವರ್ಷ ಊರವರ ತೋಟಗಳಲ್ಲಿ ತೆಂಗಿನ ಸಸಿಗೆ ಗುಂಡಿ ತೋಡಿದ್ದ, ಮದುವೆ ಮನೆಗಳಲ್ಲಿ ಅಡುಗೆ ಮಾಡಿದ್ದ. ನಮ್ಮ ಚಾರಣ ತಂಡಕ್ಕೆ ಅವನನ್ನು ಅಡುಗೆಯವನಾಗಿ ಸೇರಿಸಿಕೊಂಡವನು ನಾನೇ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗಾಯಿತು.

ತಂಡದ ನಾಯಕ ನಾನು. ಪರ್ವತಾರೋಹಣದ ಕೋರ್ಸು ಮುಗಿಸಿದ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕಿದ್ದೇನೆ. ರಂಗಸ್ವಾಮಿ ಹಿಮ ನೋಡಿದ್ದೇ ನನ್ನ ಜೊತೆ ಹಿಮಾಚಲಕ್ಕೆ ಬಂದಾಗ. ಆದರೆ ಎರಡನೇ ಸಲ ಹೋಗುವ ಹೊತ್ತಿಗೆ ಅಲ್ಲಿನ ಗೈಡ್, ಇಳಿಜಾರು ಕುಸಿದೀತೇ ಎಂದು ಹಿಮ ಅಗೆದು ಪದರ ನೋಡುವಾಗ ನನ್ನನ್ನು ಬಿಟ್ಟು ಅವನನ್ನು ಕೂಗತೊಡಗಿದ್ದ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ನನಗೋ ಹಿಂದಿ ನೀರು ಕುಡಿದಷ್ಟು ಸಲೀಸು! ಹೊಟ್ಟೆಕಿಚ್ಚು ಅಂದರೆ ಏನೆಂದು ಆಗ ತಿಳಿಯಿತು.

ಹೋದ ವರ್ಷ ಏಪ್ರಿಲ್‌ನಲ್ಲಿ, ಎತ್ತರದ ಕಣಿವೆ ದಾರಿ ದಾಟುವ ಮುಂಚೆ ಎರಡು ದಿನ ಹೊಸ ಹಿಮ ಬಿತ್ತು. ಮೂರನೇ ಬೆಳಿಗ್ಗೆ ಚೆನ್ನಾಗಿ ಬಿಸಿಲು ಬಂತು. ನಾನು ಕೋಲು ಚುಚ್ಚಿ ನೋಡಿ, "ಗಟ್ಟಿಯಾಗಿದೆ, ಹೊರಡೋಣ" ಎಂದೆ. ರಂಗಸ್ವಾಮಿ ಅಷ್ಟರಲ್ಲಾಗಲೇ ಇಳಿಜಾರಿನ ಅಂಚಿನಲ್ಲಿ ಎದೆಮಟ್ಟದ ಗುಂಡಿ ತೋಡಿ ಒಳಗೆ ನಿಂತಿದ್ದ.

"ಬನ್ನಿ ಸಾ, ನೋಡಿ. ಮೇಲೆ ಹೊಸದು, ಕೆಳಗೆ ಹಳೇದು, ಮಧ್ಯ ಸಕ್ರೆ ಸುರ್ದಂಗೈತೆ. ಒಂದಕ್ಕೊಂದು ಕಚ್ಕೊಂಡೇ ಇಲ್ಲ" ಎಂದು, ಕಡಿದು ನಿಲ್ಲಿಸಿದ್ದ ಹಿಮದ ಕಂಬದ ಮೇಲೆ ಸಲಿಕೆ ಇಟ್ಟು ಮೆಲ್ಲಗೆ ತಟ್ಟಿದ. ಮೇಲಿನ ಒಂದೂವರೆ ಅಡಿ ಹಲಗೆಯಂತೆ ಜಾರಿ ಅವನ ಎದೆಗೆ ಬಿತ್ತು. "ನಾವ್ ಹತ್ತಿದ್ರೆ ಇಡೀ ಗುಡ್ಡ ಹಿಂಗೇ ಬರ್ತೈತೆ."

ಗೈಡ್ ಹೌದೆಂದು ತಲೆಯಾಡಿಸಿದ. ತಂಡದ ಹನ್ನೊಂದು ಜನರಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ. ವಾಪಸು ಬಂದೆವು.

ಅದೇ ಮಧ್ಯಾಹ್ನ ಇನ್ನೊಂದು ತಂಡ ಅದೇ ದಾರಿಯನ್ನು ಏನೂ ಆಗದೆ ದಾಟಿತು. ತುಮಕೂರಿಗೆ ಬಂದ ಮೇಲೆ ಅವರ ಫೋಟೊಗಳನ್ನು ಹುಡುಕಿ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಒಂದಲ್ಲ, ಒಂಬತ್ತು. ರಂಗಸ್ವಾಮಿ ವಾಯ್ಸ್ ಮೆಸೇಜು ಕಳಿಸಿದ: "ದಾಟುದ್ರಾ? ಸದ್ಯ, ಒಳ್ಳೇದಾಯ್ತು ಬುಡಿ ಸಾ." ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ನನಗೆ ಸಹಿಸಲಾಗದೆ ಹೋದದ್ದೇ ಅದು.

ಈ ಮಾರ್ಚ್‌ನಲ್ಲಿ ಆ ಗೈಡ್ ಅವನನ್ನು ಕಾಯಂ ಆಗಿ ತನ್ನ ಜೊತೆ ಕೆಲಸಕ್ಕೆ ಕರೆಸಿಕೊಂಡ. ತುಮಕೂರು ಸ್ಟೇಷನ್ನಿಗೆ ಬೀಳ್ಕೊಡಲು ಹೋದೆ. ಅದೂ ಇದೂ ಮಾತಾಡುತ್ತಿದ್ದವನು ರೈಲು ಹತ್ತುವಾಗ ಹೇಳಿದ: "ಆವತ್ತು ನೀವು ಹೋಗೇ ತೀರ್ತೀನಿ ಅಂದಿದ್ರೆ ನಾನೂ ಹಿಂದೆ ಬರ್ತಿದ್ದೆ ಸಾ. ನಿಮ್ಮೊಬ್ರನ್ನೇ ಬುಡಕ್ಕಾಯ್ತದಾ?"

ರೈಲು ಹೊರಟ ಮೇಲೆ ಪ್ಲಾಟ್‌ಫಾರಂನಲ್ಲಿ ನಿಂತು ಅತ್ತೆ. ಅವನ ಜಾಗದಲ್ಲಿದ್ದರೆ ನಾನು ಬರುತ್ತಿರಲಿಲ್ಲ. ಇದರಲ್ಲೂ ಅವನೇ ಮುಂದಾದನಲ್ಲ ಎಂದು, ಅಳುವಾಗಲೂ ಹೊಟ್ಟೆ ಉರಿಯಿತು.