ನೆತ್ತಿಯ ಮೇಲಿನ ಸದ್ದು

ತೊಂಬತ್ತರ ದಶಕದ ಕೊನೆಯಲ್ಲಿ ಎನ್.ಆರ್. ಕಾಲೋನಿಯ ಓನರುಗಳು ಹೆಚ್ಚು ಬಾಡಿಗೆಯ ಆಸೆಗೆ ಒಬ್ಬೊಬ್ಬರಾಗಿ ಹಳೇ ಬಾಡಿಗೆದಾರರನ್ನು ಎಬ್ಬಿಸುತ್ತಿದ್ದರು. ಬಾಯಿಬಿಟ್ಟು ‘ಹೋಗಿ’ ಅನ್ನುವುದಿಲ್ಲ. ನೀರು ನಿಲ್ಲಿಸುತ್ತಾರೆ, ಬಟ್ಟೆ ಒಣಗಿಸುವ ಟೆರೇಸಿಗೆ ಬೀಗ ಜಡಿಯುತ್ತಾರೆ. ಪಕ್ಕದ ಮನೆಯವರು ಹಾಗೇ ಹೋದರು. ನಾವು ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದು ಹನ್ನೊಂದು ವರ್ಷವಾಗಿತ್ತು. ನನ್ನ ಮಗಳು ಅಂಬೆಗಾಲಿಟ್ಟದ್ದು ಅದೇ ಕೆಂಪು ನೆಲದ ಮೇಲೆ. ಬಿಡುವ ಮಾತೇ ಇರಲಿಲ್ಲ.

ಹಾಗಾಗಿ ಒಂದು ಮಧ್ಯಾಹ್ನ ನೆತ್ತಿಯ ಮೇಲೆ ‘ಢಬ್’ ಎಂದಾಗ ನಮ್ಮ ಸರದಿ ಬಂತೆಂದು ನನಗೆ ತಕ್ಷಣ ಅರ್ಥವಾಯಿತು. ಮಹಡಿಯಲ್ಲಿದ್ದವರು ನಮ್ಮ ಓನರ್ರು, ಸರ್ಕಾರಿ ಕಚೇರಿಯಿಂದ ರಿಟೈರಾದ, ಮಾತು ಕಮ್ಮಿಯ ಮನುಷ್ಯ. ನಾನು ಬೆಳಗಿನ ಶಾಲೆಯ ಪಾಠ ಮುಗಿಸಿ ಬಂದು ಕಾಲು ಚಾಚುವ ಹೊತ್ತಿಗೇ ಶುರು. ಬೇಕಂತಲೇ! ಜೇಡರ ಬಲೆ ತೆಗೆಯುವ ಕೋಲಿನಿಂದ ನಾನೂ ಸೀಲಿಂಗಿಗೆ ನಾಲ್ಕು ಕುಟ್ಟಿದೆ. ಸದ್ದು ನಿಂತಿತು.

ಮರುದಿನ ‘ದುಪ್’. ಕುಟ್ಟಿದೆ. ನಾಲ್ಕು ದಿನ ಕಳೆದು ‘ಸರ್ರ್, ಟಪ್’. ಮತ್ತೆ ಕುಟ್ಟಿದೆ.

“ನೋಡ್ರೀ, ದಿನಕ್ಕೊಂದು ಪ್ಲಾನ್ ಮಾಡ್ತಿದಾರೆ,” ಎಂದೆ. ನಮ್ಮ ಯಜಮಾನರು “ನಿಂದೊಂದು” ಎಂದು ಪೇಪರ್ ಮಗುಚಿದರು.

ಓನರ್ರು ಸೈಕಲ್ ಟ್ಯೂಬು, ಹಳೇ ಸೊಳ್ಳೆಪರದೆ ಹೊತ್ತು ಮೆಟ್ಟಿಲು ಹತ್ತುವುದನ್ನು ಕಂಡೆ. ಏನು ಸಾರ್ ಅಂದರೆ “ಏನಿಲ್ಲಮ್ಮ” ಎಂದು ನಾಚಿಕೊಂಡರು. ಎಲ್ಲಾ ನಾಟಕ ಎಂದುಕೊಂಡೆ.

ಆಮೇಲೆ ಒಂದು ವಾರ ಸದ್ದೇ ಇಲ್ಲ. ಅದು ಇನ್ನೂ ಹೆದರಿಸಿತು. ಹೊಸ ಬಾಡಿಗೆದಾರರು ಸಿಕ್ಕಿರಬೇಕು, ಇನ್ನು ಸದ್ದು ಯಾಕೆ? ಅವರು ‘ಹೋಗಿ’ ಅನ್ನುವ ಮೊದಲು ನಾವೇ ಹೋಗೋಣ, ಮಾನವಾದರೂ ಉಳಿಯಲಿ ಎಂದು ಹಟ ಹಿಡಿದು ಚಾಮರಾಜಪೇಟೆಯಲ್ಲಿ ಮನೆ ಗೊತ್ತು ಮಾಡಿಸಿದೆ. ಹೇಳಲು ನಾನೇ ಮಹಡಿ ಹತ್ತಿದೆ.

“ಒಂದನೇ ತಾರೀಕು ಖಾಲಿ ಮಾಡ್ತಿದೀವಿ ಸಾರ್. ಇನ್ನು ನಿಮಗೆ ಕುಟ್ಟೋ ಕಷ್ಟ ಇಲ್ಲ.”

ಅವರ ಮುಖ ಬಿಳಿಚಿಕೊಂಡಿತು. ಒಳಗೆ ಕರೆದರು. ನಡುಮನೆಯಲ್ಲಿ ಉಯ್ಯಾಲೆಯ ಕೊಂಡಿಯಿಂದ ಸೈಕಲ್ ಟ್ಯೂಬು ಇಳಿಬಿದ್ದಿತ್ತು, ಅದರ ತುದಿಗೆ ಕಾಲುಚೀಲದಲ್ಲಿ ಕಟ್ಟಿದ ಒಂದು ಚೆಂಡು. ಎದುರಿಗೆ ಸೊಳ್ಳೆಪರದೆ, ಅದರ ಹಿಂದೆ ನಿಲ್ಲಿಸಿದ ಹಾಸಿಗೆ. ನೆಲದ ಮೇಲೆ ಗೋಣಿಚೀಲ, ಮೇಲೆ ನಾರಿನ ಮ್ಯಾಟು. ಗೋಡೆಗೆ ಒರಗಿದ್ದದ್ದು ಒಂದು ಗಾಲ್ಫ್ ಕೋಲು, ರಿಟೈರಾದಾಗ ಅವರ ಸಾಹೇಬರು ಕೊಟ್ಟದ್ದಂತೆ. ಸಾಹೇಬರು ಆಡುವಾಗ ಇವರು ವರ್ಷಗಟ್ಟಲೆ ಫೈಲು ಹಿಡಿದು ಮೈದಾನದ ಅಂಚಿನಲ್ಲಿ ನಿಂತು ಆಟ ನೋಡಿದ್ದರು, ಒಮ್ಮೆಯೂ ಹೊಡೆದಿರಲಿಲ್ಲ.

“ಮೊದಲು ಬರೀ ನೆಲದ ಮೇಲೆ ಹೊಡೀತಿದ್ದೆ, ನೀವು ಕುಟ್ಟಿದ್ರಿ. ಗೋಣಿ ಹಾಕ್ದೆ, ಮತ್ತೆ ಕುಟ್ಟಿದ್ರಿ. ಟ್ಯೂಬ್ ಕಟ್ದೆ, ಪರದೆ ಹಾಕ್ದೆ. ನೀವು ಕುಟ್ಟಿದಾಗೆಲ್ಲ ಸದ್ದು ಇನ್ನೂ ಕೆಳಗಿಳೀತಿದೆ ಅಂತ ಗೊತ್ತಾಗೋದು.” ಕೋಲು ತೆಗೆದು ಒಂದು ಏಟು ಹೊಡೆದರು. ಚೆಂಡು ಹಾಸಿಗೆಗೆ ತಾಗಿ ಸುಮ್ಮನೆ ಮರಳಿತು. “ಈ ವಾರ ಪೂರ್ತಿ ದಿನಾ ಹೊಡೆದಿದೀನಿ. ಕೇಳಿಸ್ತೇನಮ್ಮ?”

“ಇಲ್ಲ ಸಾರ್,” ಎಂದೆ.

ಮನೆ ಬಿಡಲ್ಲ ಅಂತ ಅಲ್ಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ, ಹಾಳು ಬಿಗುಮಾನ. ಒಂದನೇ ತಾರೀಕು ಲಾರಿ ಹೊರಡುವಾಗ ಅವರು ಕೆಳಗಿಳಿದು ಬಂದರು. ಬಾಗಿಲ ಹಿಂದೆ ನಾನು ಬಿಟ್ಟಿದ್ದ ಜೇಡರ ಬಲೆಯ ಕೋಲನ್ನು ತಾವೇ ತಂದು, “ಇದನ್ನ ಮರೆತಿದ್ರಿ” ಎಂದು ನನ್ನ ಕೈಗೆ ಕೊಟ್ಟರು.